ದಪ್ಪ ತಂತಿ

ಚಿತೆಗೆಂದು ಮಾವಿನ ಮರ ಅರ್ಧ ಕಡಿದಾಗಿತ್ತು. ನೆರೆಮನೆಯ ಹುಕ್ರಪ್ಪ ಕೊಡಲಿ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದಾಗ ಬೆಳುವಾಯಿಯ ಜಯವರ್ಮ ಬಲ್ಲಾಳರು ಬಂದರು. ಅಂಗಳದಲ್ಲಿ ಕೂತವರೆಲ್ಲ ಎದ್ದು ನಿಂತರು. ಹಾಗೆ ಎದ್ದದ್ದಕ್ಕೇ ಬಲ್ಲಾಳರಿಗೆ ನಾಚಿಕೆಯಾಯಿತು.

ಲೈನ್‌ಮ್ಯಾನ್ ನೋಣಯ್ಯ ಚಾವಡಿಯಲ್ಲಿ ಮಲಗಿದ್ದ. ಬೆಳಿಗ್ಗೆ ಗಂಜಿ ಉಣ್ಣುತ್ತ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ಘಟ್ಟದ ಮೇಲೆ ಏಳು ವರ್ಷ ದುಡಿದು ಊರಿಗೆ ಮರಳಿ ಎರಡು ತಿಂಗಳೂ ಆಗಿರಲಿಲ್ಲ.

"ಒಳ್ಳೆ ಜನ ಮಾರಾಯ," ಎಂದ ಹುಕ್ರಪ್ಪ. "ಆ ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ಒಂದು ಬಿಟ್ಟರೆ."

"ಊರಿಗೇ ಮೂರು ತಿಂಗಳು ಕರೆಂಟಿರಲಿಲ್ಲ. ಮರೀಲಿಕ್ಕೆ ಆಗ್ತದಾ?" ಎಂದ ಅಂಗಳದಲ್ಲಿದ್ದ ಇನ್ನೊಬ್ಬ, ತುಕ್ರಪ್ಪ.

ಬಾಗಿಲಲ್ಲಿ ನೋಣಯ್ಯನ ಹೆಂಡತಿ ವಾರಿಜಾಕ್ಷಿ ತಲೆ ತಗ್ಗಿಸಿದಳು. ಹೆಣದ ಮುಂದೆಯಾದರೂ ಬಾಯಿ ಮುಚ್ಚಿಕೊಂಡಿರಬಾರದೇ ಇವರು!

*

೧೯೭೯ರ ಸುಗ್ಗಿ ಬೆಳೆಯ ಕಾಲ. ಎಲ್ಲರ ಪಂಪೂ ಒಟ್ಟಿಗೆ ತಿರುಗಿದರೆ ಫ್ಯೂಸ್ ಹೋಗುತ್ತಿತ್ತು.

"ಸರದಿಯಲ್ಲಿ ಬಿಡುವ ಧಣಿಗಳೇ," ಎಂದಿದ್ದ ನೋಣಯ್ಯ, ಬಲ್ಲಾಳರಿಗೆ. "ಫ್ಯೂಸ್ ಹೋಗುವುದು ಟ್ರಾನ್ಸ್‌ಫಾರ್ಮರ್ ಉಳೀಲಿಕ್ಕೆ."

ಧಣಿಗಳಿಗೆ ಎಂಥ ಸರದಿ? ಮರುದಿನ ಮಧ್ಯಾಹ್ನ ಬಲ್ಲಾಳರೇ ಸ್ವಿಚ್ ಎಳೆದು ಕರೆಂಟು ನಿಲ್ಲಿಸಿ, ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದರು. ಫ್ಯೂಸ್ ಹೋಗಲಿಲ್ಲ, ಟ್ರಾನ್ಸ್‌ಫಾರ್ಮರೇ ಹೋಯಿತು. ವಿಚಾರಣೆಗೆ ಅಧಿಕಾರಿ ಬಂದಾಗ, ಪಂಪಿನ ಸಂಪರ್ಕ ಕಡಿದಾರೆಂಬ ಹೆದರಿಕೆಯಲ್ಲಿ "ಲೈನ್‌ಮ್ಯಾನೇ ಹಾಕಿದ್ದು" ಎಂದು ಬರೆದುಕೊಟ್ಟರು. ನೋಣಯ್ಯನಿಗೆ ಘಟ್ಟದ ಮೇಲಕ್ಕೆ ಎತ್ತಂಗಡಿಯಾಯಿತು. ಹೊಸ ಟ್ರಾನ್ಸ್‌ಫಾರ್ಮರ್ ಬಂದ ಮೇಲೆ ಬಲ್ಲಾಳರ ಗದ್ದೆಗೆ ಮತ್ತೆ ನೀರು ಹರಿಯಿತು.

*

"ಧಣಿಗಳೇ, ಬಾಯಿಗೆ ನೀರು ಬಿಡಿ," ಎಂದ ಹುಕ್ರಪ್ಪ.

ವಾರಿಜಾಕ್ಷಿ ಕೊಟ್ಟ ತುಳಸಿ ನೀರಿನ ಗಿಂಡಿ ಹಿಡಿದು ಬಲ್ಲಾಳರು ಹೆಣದ ಬಳಿ ನಿಂತರು. ಈಗ ಹೇಳದಿದ್ದರೆ ಇನ್ನೆಂದಿಗೂ ಇಲ್ಲ.

"ಆ ತಂತಿ ಹಾಕಿದ್ದು ನಾನು," ಎಂದರು. "ನೋಣಯ್ಯ ಅಲ್ಲ. ನಾನು ಸುಳ್ಳು ಬರೆದುಕೊಟ್ಟೆ."

ಹುಕ್ರಪ್ಪ ಕಣ್ಣೊರೆಸಿಕೊಂಡ.

"ನೋಡಿ, ಸತ್ತವನ ಮಾನ ಉಳಿಸ್ಲಿಕ್ಕೆ ತಪ್ಪನ್ನು ತಮ್ಮ ತಲೆಗೆ ಹಾಕಿಕೊಳ್ತಾರೆ. ಎಂಥಾ ದೊಡ್ಡ ಮನಸ್ಸು!"

"ಇಲ್ಲ ಮಾರಾಯ, ನಿಜಕ್ಕೂ ನಾನೇ..."

"ಸಾಕು ಧಣಿಗಳೇ, ನಮಗೆ ಅರ್ಥ ಆಗ್ತದೆ," ಎಂದು ತುಕ್ರಪ್ಪ ಕೈ ಮುಗಿದ.

ಬಲ್ಲಾಳರಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ತಪ್ಪೊಪ್ಪಿಕೊಂಡರೂ ಮರ್ಯಾದೆಯೇ ಸಿಕ್ಕಿತಲ್ಲ!

ವಾರಿಜಾಕ್ಷಿ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದಳು. ಎರಡು ಹೆಜ್ಜೆ ಮುಂದೆ ಬಂದಳು. ಅವರ ಬೆರಳುಗಳಿಂದ ಗಿಂಡಿಯನ್ನು ಮೆಲ್ಲನೆ ಬಿಡಿಸಿಕೊಂಡು, ತುಕ್ರಪ್ಪನ ಕೈಗೆ ಕೊಟ್ಟಳು.