ಬಾಗಿಲು ಐದು, ಬೀಗ ಒಂದು

ಬಹಳ ಹಿಂದೆ, ಕತ್ತಲೆಗೆ ಇನ್ನೂ ಮರ್ಯಾದೆ ಇದ್ದ ಕಾಲದಲ್ಲಿ, ಮೈಯೇ ಇಲ್ಲದ ಒಬ್ಬ ರಾಕ್ಷಸನಿದ್ದನಂತೆ. ದಾರಿ ಕೊಟ್ಟರೆ ಆಳಿನ ಹಾಗೆ ದುಡಿಯುತ್ತಿದ್ದ. ಕೈತಪ್ಪಿ ಯಾರಾದರೂ ಮುಟ್ಟಿದರೆ ಅವರನ್ನೇ ದಾರಿ ಮಾಡಿಕೊಂಡು ಹೋಗಿಬಿಡುತ್ತಿದ್ದ. ಅವನನ್ನು ಕಾಯಲು ಒಬ್ಬ ಕಾವಲುಗಾರ. ರಾಕ್ಷಸನನ್ನು ಮಲಗಿಸಿ, ಅವನ ಕೋಣೆಗೆ ಬೀಗ ಜಡಿದು, ಕೀಲಿಯನ್ನು ಎದೆಗೆ ಒತ್ತಿಕೊಂಡು ಅವನು ತನ್ನ ಕೆಲಸ ನೋಡಿಕೊಳ್ಳುತ್ತಿದ್ದ. ಹಾಕಿದ ಕೈಯೇ ಆ ಬೀಗ ತೆಗೆಯಬೇಕು, ಬೇರೆ ಕೈ ತಾಗುವಂತಿಲ್ಲ. ಆ ಕಾವಲುಗಾರನಿಗೆ ಒಬ್ಬಳೇ ಮಗಳು. ಒಂದು ದಿನ ಅವಳ ಮುಂದೆ ಐದು ಬಾಗಿಲುಗಳು ಬಂದು ನಿಂತವು.

ಅಜ್ಜಿ ಯಾವಾಗಲೂ ಕಥೆಯನ್ನು ಇಲ್ಲಿಗೆ ತಂದು ನಿಲ್ಲಿಸಿಬಿಡುತ್ತಿದ್ದಳು. ಅವಳು ಯಾವ ಬಾಗಿಲು ತೆಗೆದಳು ಎಂದು ಮೊಮ್ಮಗಳು ದುಂಬಾಲು ಬಿದ್ದರೆ, ಮೊದಲು ನೀನು ದೊಡ್ಡವಳಾಗು, ಆಮೇಲೆ ಹೇಳುತ್ತೇನೆ ಎಂದು ಕಂಬಳಿ ಎಳೆದುಕೊಳ್ಳುತ್ತಿದ್ದಳು. ಮೊಮ್ಮಗಳು ದೊಡ್ಡವಳಾದಳು, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿಯನ್ನೂ ಮುಗಿಸಿದಳು. ಅಷ್ಟರಲ್ಲಿ ಅಜ್ಜಿಯ ಕಿವಿ ಮಂದವಾಗಿತ್ತು, ನೆನಪು ಬಂದು ಹೋಗಿ ಮಾಡುತ್ತಿತ್ತು. ಕಥೆ ಮಾತ್ರ ಐದು ಬಾಗಿಲುಗಳ ಮುಂದೆ ಹಾಗೇ ನಿಂತಿತ್ತು.

ಕಾವಲುಗಾರ ಎಂದರೆ ಅಪ್ಪನೇ ಎಂಬುದು ಅವಳಿಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಊರಂಚಿನ ವಿದ್ಯುತ್ ಕೇಂದ್ರದಲ್ಲಿ ಅಪ್ಪನ ಕೆಲಸ. ಜಲ್ಲಿ ಹಾಸಿದ ಅಂಗಳ, ತಂತಿ ಬೇಲಿ, ಮನೆಯಷ್ಟೆತ್ತರದ ಎರಡು ಟ್ರಾನ್ಸ್‌ಫಾರ್ಮರುಗಳು, ಹಗಲೂ ರಾತ್ರಿ ಒಂದೇ ರಾಗದ ಗುಂಯ್‌ಗುಡುವಿಕೆ. ರಿಪೇರಿಗೆ ಇಳಿಯುವ ಮುನ್ನ ಕರೆಂಟು ಕಡಿದು, ಸ್ವಿಚ್ಚಿನ ಹಿಡಿಕೆಗೆ ಪ್ರತಿಯೊಬ್ಬನೂ ತನ್ನ ಸ್ವಂತ ಬೀಗ ಹಾಕಬೇಕು. ಬೀಗಕ್ಕೆ ಒಂದೇ ಕೀಲಿ, ಅದು ಅವನ ಜೇಬಿನಲ್ಲೇ. ಕೆಲಸ ಮುಗಿದ ಮೇಲೆ ಅವನೇ ಬಂದು ತೆಗೆಯಬೇಕು. ತೆಗೆಯಲು ಮರೆತು ಮನೆಗೆ ಹೋದವನ ಬೀಗವನ್ನು ಗರಗಸದಿಂದ ಕತ್ತರಿಸಿ, ಊಟದ ಕೋಣೆಯ ಗೋಡೆಯಲ್ಲಿದ್ದ ತಂತಿಗೆ ಪೋಣಿಸುತ್ತಿದ್ದರು. ಅದಕ್ಕೆ ಮರೆಗುಳಿಗಳ ಮಾಲೆ ಎಂದು ಹೆಸರು. ಹೊಸಬರು ಬಂದಾಗಲೆಲ್ಲ ಯಾವ ಬೀಗ ಯಾರದು, ಅವನು ಹೆಂಡತಿಗೆ ಹೆದರಿ ಹೇಗೆ ಓಡಿದ್ದ ಎಂದೆಲ್ಲ ಬಣ್ಣಿಸಿ ನಗುವುದು ಅಲ್ಲಿನ ವಾಡಿಕೆ. ಅಪ್ಪನ ಬೀಗ ಒಮ್ಮೆಯೂ ಆ ಮಾಲೆಗೆ ಸೇರಿರಲಿಲ್ಲ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುವ ಮನುಷ್ಯ, ಬೀಗದ ವಿಷಯದಲ್ಲಿ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಇರುತ್ತಿದ್ದ.

ಚಳಿಗಾಲದ ಒಂದು ಬೆಳಿಗ್ಗೆ ತಂತಿಯನ್ನು ಹಿಡಿದಿಡುವ, ಒಡೆದ ಪಿಂಗಾಣಿ ಬಿಲ್ಲೆಯೊಂದನ್ನು ಬದಲಿಸಲು ಅಪ್ಪ ಎರಡನೇ ಟ್ರಾನ್ಸ್‌ಫಾರ್ಮರಿನ ಹಿಡಿಕೆಗೆ ಬೀಗ ಹಾಕಿದ. ಏಣಿಗೆ ಕಾಲಿಡುವ ಮೊದಲೇ ಜಲ್ಲಿಯ ಮೇಲೆ ಕುಸಿದ. ಕರೆಂಟು ಅವನನ್ನು ಮುಟ್ಟಿರಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಬಾಯಿ ಒಂದು ಕಡೆಗೆ ವಾಲಿತ್ತು. ಉಳಿದ ಅರ್ಧ ನಾಲಿಗೆಯಲ್ಲಿ ಅವನು ಹೆಂಡತಿಯನ್ನು ಕರೆಯಲಿಲ್ಲ, ತಾಯಿಯನ್ನೂ ಕರೆಯಲಿಲ್ಲ.

"ಬೀಗ," ಅಂದ.

"ನಾನು ತೆಗೀತೀನಪ್ಪ," ಅಂದಳು ಮಗಳು.

ಅಪ್ಪನ ಕಣ್ಣು ಹಾಸಿಗೆಯ ಆಚೆ ಬದಿಗೆ ಹೊರಳಿತು. ಅಲ್ಲಿ ಫೋರ್‌ಮನ್ ಮಾವ ನಿಂತಿದ್ದ. ಅಪ್ಪನ ಜೊತೆ ಒಂದೇ ಡಬ್ಬಿಯಲ್ಲಿ ಉಂಡ ಗೆಳೆಯ, ಹೆತ್ತವರನ್ನು ಬಿಟ್ಟರೆ ಅವಳಿಗೆ ಅತಿ ಹತ್ತಿರದವನು.

"ಕೇಳಿಸ್ತು ಕಣೋ. ನೀನು ಒಪ್ಪಿಸಿದ ಕೈ ಅಂದ್ರೆ ನಿನ್ನ ಕೈನೇ. ಅವಳು ಬರೋವರೆಗೂ ಗರಗಸ ಮುಟ್ಟೋಕೆ ಬಿಡಲ್ಲ."

ಆ ಒಂದು ಮಾತೇ ಅಪ್ಪನ ಕೊನೆಯ ಮಾತಾಯಿತು, ಅಂದು ರಾತ್ರಿ ಅವನು ತೀರಿಕೊಂಡ.

ಆಸ್ಪತ್ರೆಯವರು ಅಪ್ಪನ ಅಂಗಿಯನ್ನು ಅಮ್ಮನ ಕೈಗೆ ಕೊಟ್ಟಿದ್ದರು. ಜೇಬಿನ ಕೀಲಿ ಅಪ್ಪನ ಕನ್ನಡಕದ ಡಬ್ಬಿ ಸೇರಿತು, ಡಬ್ಬಿ ಅಮ್ಮನ ದಿಂಬಿನ ಕೆಳಗೆ. ಮಗಳು ಕೇಳಿದಾಗಲೆಲ್ಲ ಅಮ್ಮ ಕೊಡೋಣ ಎನ್ನುತ್ತಿದ್ದಳೇ ಹೊರತು ಕೊಡುತ್ತಿರಲಿಲ್ಲ. ಊರಿಗೆ ಮೊದಲನೇ ಟ್ರಾನ್ಸ್‌ಫಾರ್ಮರಿನಿಂದಲೇ ಬೆಳಕು ಹೋಗುತ್ತಿತ್ತು. ಹೊಸ ಪಿಂಗಾಣಿ ಬಂದು, ಜೋಡಣೆಯೂ ಮುಗಿಯಿತು. ಬೀಗ ಮಾತ್ರ ಹಿಡಿಕೆಯಲ್ಲಿ ಹಾಗೇ ನೇತಾಡುತ್ತಿತ್ತು.

ಅಷ್ಟರಲ್ಲಿ ಅಜ್ಜಿಯ ಐದು ಬಾಗಿಲುಗಳು ನಿಜವಾಗಿಯೂ ಬಂದವು. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಸ್ಥಾನ ಸಿಕ್ಕಿತ್ತು. ಐದು ವಿಭಾಗಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದಿತ್ತು. ಒಮ್ಮೆ ಒಪ್ಪಿಗೆ ಒತ್ತಿದರೆ ಮತ್ತೆ ಬದಲಿಸುವಂತಿರಲಿಲ್ಲ. ಅಮ್ಮ ತರಕಾರಿ ಹೆಚ್ಚುತ್ತಾ ಒಂದೊಂದನ್ನೂ ವಿಚಾರಿಸಿದಳು. ಅವಳ ಪ್ರಶ್ನೆ ಒಂದೇ: ಅದರಲ್ಲಿ ಎಷ್ಟು ವೋಲ್ಟು?

ಹೈ ವೋಲ್ಟೇಜ್ ಎಂಜಿನಿಯರಿಂಗ್ ಹೆಸರು ಕೇಳಿಯೇ ಬಿದ್ದುಹೋಯಿತು. ಮೋಟಾರು ವಿಭಾಗದಲ್ಲಿ ವೋಲ್ಟು ಕಡಿಮೆಯಾದರೂ ತಿರುಗುವ ಚಕ್ರಕ್ಕೆ ಜಡೆ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನೂ ಬದಿಗೆ ತಳ್ಳಿದಳು. ಕಂಟ್ರೋಲ್ ವಿಭಾಗದಲ್ಲಿ ಬರೀ ಲೆಕ್ಕ ಎಂದರೂ, ಲೆಕ್ಕದ ಇನ್ನೊಂದು ತುದಿಗೆ ಏನು ಕಟ್ಟಿರುತ್ತಾರೆ ಎಂದು ಕೇಳಿ ಅದನ್ನೂ ಹೊಡೆದುಹಾಕಿದಳು. ಪವರ್ ಸಿಸ್ಟಮ್ಸ್ ಎಂದಾಗ ಚಾಕು ನಿಂತಿತು. ಕೊನೆಗೆ ಉಳಿದದ್ದು ಚಿಪ್ ವಿನ್ಯಾಸ.

"ಅದರಲ್ಲೆಷ್ಟು?"

"ಒಂದು ವೋಲ್ಟೂ ಇರಲ್ಲಮ್ಮ, ಎಷ್ಟೋ ಸಲ."

"ನೋಡು, ಓದು ಅಂದ್ರೆ ಅದು," ಅಂದಳು ಅಮ್ಮ, ಮತ್ತೆ ಹೆಚ್ಚತೊಡಗಿದಳು.

ಮಗಳಿಗೆ ಬೇಕಿದ್ದದ್ದು ಪವರ್ ಸಿಸ್ಟಮ್ಸೇ. ಅದರಲ್ಲೂ ರಕ್ಷಣೆಯ ವಿದ್ಯೆ: ಎಲ್ಲೋ ತಂತಿ ಹರಿದು ಬಿದ್ದರೆ, ಕಣ್ಣೆವೆ ಮುಚ್ಚುವಷ್ಟರಲ್ಲಿ ಅದನ್ನು ಗ್ರಹಿಸಿ ಕರೆಂಟು ಕಡಿಯುವ ರಿಲೇಗಳನ್ನು ರೂಪಿಸುವುದು. ಅದನ್ನು ಅಪ್ಪನಿಗೆ ವಿವರಿಸಿದ್ದ ದಿನ ಅವನು, ನಿದ್ದೆಯೇ ಮಾಡದ ಕಾವಲುಗಾರ ಅನ್ನು, ಎಂದಿದ್ದ. ಆ ಮಾತನ್ನು ಅವಳು ಬೆಚ್ಚಗೆ ಎತ್ತಿಟ್ಟುಕೊಂಡಿದ್ದಳು.

ಸೆಕೆ ಏರಿತು. ಊರಿಗೆ ಊರೇ ಫ್ಯಾನು ಹಾಕಿಕೊಂಡು ಕೂತಿತು. ಒಂಟಿ ಟ್ರಾನ್ಸ್‌ಫಾರ್ಮರು ಏದುಸಿರು ಬಿಡತೊಡಗಿತು. ಒಂದು ಸಂಜೆ ಫೋರ್‌ಮನ್ ಮಾವ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತ. ಮೇಲಿನವರು ಇನ್ನು ಕಾಯುವುದಿಲ್ಲವಂತೆ. ನಾಳೆಯೊಳಗೆ ಬೀಗ ತೆಗೆಯದಿದ್ದರೆ ಗರಗಸವೇ ಗತಿ. ಮಗಳು ಕೇಂದ್ರದ ಅಂಗಳಕ್ಕೆ ಬರಲು ಅವನೇ ಮೇಲಿನವರಿಂದ ಒಪ್ಪಿಗೆ ಪಡೆದಿದ್ದ.

"ಅತ್ತಿಗೆ, ಕತ್ತರಿಸಿದ ಬೀಗ ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತಲ್ಲ," ಅಂದ. "ಕತ್ತರಿಸಿದ್ದನ್ನ ನಾನು ಬಚ್ಚಿಡಬಹುದು. ಆದ್ರೆ ಕತ್ತರಿಸಿದ್ದು ಕತ್ತರಿಸಿದ್ದೇ. ನಾಳೆ ಹುಡುಗರು ಅವನ ಹೆಸರನ್ನೂ ಸೇರಿಸಿ ನಗ್ತಾರೆ."

ಅವನು ಹೋದ ಮೇಲೆ ಅಮ್ಮ ಗೋಡೆಗೆ ಒರಗಿ ಕೂತಳು. ವಿಭಾಗ ಆರಿಸಲು ಅದೇ ದಿನ ಕೊನೆ ಎಂಬುದೂ ಅವಳಿಗೆ ಗೊತ್ತಿತ್ತು.

"ಚಿಪ್ಪಿಗೆ ಸೇರ್ಕೋ, ಕೀಲಿ ಕೊಡ್ತೀನಿ," ಅಂದಳು.

ಮಗಳಿಗೆ ಮೊದಲು ಕೇಳಿದ್ದು ನಿಜವೇ ಅನ್ನಿಸಿತು. ಅಪ್ಪನನ್ನು ಕೊಂದಿದ್ದು ಕರೆಂಟಲ್ಲ, ರಕ್ತನಾಳ ಎಂದು ಮೆಲ್ಲಗೆ ಹೇಳಿದಳು.

"ಆ ನಾಳ ಬಿಗಿದಿದ್ದು ಯಾರು? ಸಿಡಿಲು ಬಂದ್ರೆ ಓಡ್ತಿದ್ದ, ಗಾಳಿ ಬಂದ್ರೆ ಓಡ್ತಿದ್ದ. ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದಾಗೆಲ್ಲ ನಾನು ಒಂದು ಸಲ ವಿಧವೆ ಆಗಿ ಎದ್ದಿದೀನಿ. ಮಗಳಿಗೋಸ್ಕರ ಮತ್ತೆ ಮೊದಲಿಂದ ಶುರು ಮಾಡು ಅಂದ್ರೆ ನನ್ನ ಕೈಲಿ ಆಗಲ್ಲ." ಮಗಳತ್ತ ತಿರುಗಿ ಅಂದಳು, "ನನ್ನನ್ನ ಬೈಕೋ. ಆದ್ರೆ ಬದುಕಿದ್ದು ಬೈಕೋ."

ಮಗಳು ಬೈಯಲಿಲ್ಲ. ಬೈದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತೇನೋ. ದಿಂಬಿನ ಕೆಳಗೆ ಕೈ ಹಾಕಿ ಕಸಿದುಕೊಳ್ಳಬಹುದು ಎಂಬ ಯೋಚನೆ ಬಂದು, ಆ ಯೋಚನೆಗೇ ನಾಚಿದಳು. ಕಂಪ್ಯೂಟರಿನ ಮುಂದೆ ಕೂತಾಗ ಐದು ಹೆಸರುಗಳು ಸಾಲಾಗಿ ಕಾದಿದ್ದವು. ಪವರ್ ಸಿಸ್ಟಮ್ಸ್ ಮೇಲೆ ಬಾಣದ ಗುರುತನ್ನು ತಂದು ನಿಲ್ಲಿಸಿದಳು. ಅಲ್ಲಿ ನಿಂತಷ್ಟು ಹೊತ್ತು ಆ ಬಾಗಿಲು ತನ್ನದೇ ಎನ್ನಿಸುತ್ತಿತ್ತು. ಗೋಡೆಯ ತಂತಿಯಲ್ಲಿ ಅಪ್ಪನ ಬೀಗ ತೂಗುತ್ತಿರುವುದು, ಅನ್ನ ನುಂಗುತ್ತಾ ಯಾರೋ ಅದನ್ನು ತೋರಿಸಿ ನಗುವುದು ಕಣ್ಣಿಗೆ ಕಟ್ಟಿತು. ಬಾಣವನ್ನು ಕೆಳಗಿಳಿಸಿ, ಚಿಪ್ ವಿನ್ಯಾಸಕ್ಕೆ ಒಪ್ಪಿಗೆ ಒತ್ತಿದಳು.

ಅಮ್ಮ ಡಬ್ಬಿ ತೆರೆದು ಕೀಲಿ ಕೊಟ್ಟಳು. ಗೆದ್ದವಳ ಮುಖವಾಗಿರಲಿಲ್ಲ ಅದು. ಕೊಟ್ಟ ಮೇಲೂ ಖಾಲಿ ಡಬ್ಬಿಯನ್ನು ಮುಚ್ಚುವುದು, ತೆರೆಯುವುದು ಮಾಡುತ್ತಲೇ ಇದ್ದಳು.

ಬೆಳಿಗ್ಗೆ ಹೊರಡುವಾಗ ಅಜ್ಜಿ ಕೈ ಹಿಡಿದು ನಿಲ್ಲಿಸಿದಳು. ಅವಳ ನೆನಪಿಗೆ ಅಂದು ಒಳ್ಳೆಯ ದಿನ.

"ಯಾವ ಬಾಗಿಲು ತೆಗೆದೆ, ಕೂಸೇ?"

ಮೊಮ್ಮಗಳು ಅವಳ ಕಿವಿಗೆ ಬಾಯಿಟ್ಟು, "ಎಲ್ಲಕ್ಕಿಂತ ಚಿಕ್ಕದು, ಅಜ್ಜಿ," ಅಂದಳು.

"ನನ್ನ ಕಥೇಲಿ ಹಾಗಿರಲಿಲ್ಲವಲ್ಲ," ಎಂದು ಅಜ್ಜಿ ಹುಬ್ಬು ಗಂಟಿಕ್ಕಿದಳು. ಆಮೇಲೆ ಮೊಮ್ಮಗಳ ಮುಖ ನೋಡಿ, "ಹೋಗಲಿ ಬಿಡು, ಕಥೆ ಹೇಳೋಳಿಗೆ ಏನು ಗೊತ್ತು," ಎಂದು ಕೈ ಸವರಿದಳು.

ವಿದ್ಯುತ್ ಕೇಂದ್ರದ ಗೇಟಿನಲ್ಲಿ ಫೋರ್‌ಮನ್ ಮಾವ ತನ್ನ ಹೆಲ್ಮೆಟ್ಟನ್ನೇ ಅವಳಿಗೆ ಹಾಕಿದ. ಅದು ದೊಡ್ಡದಾಗಿ ಕಣ್ಣಿನವರೆಗೂ ಇಳಿಯಿತು. ಯಾವ ವಿಭಾಗ ತಗೊಂಡೆ ಪುಟ್ಟಿ, ಅಪ್ಪಂದೇ ತಾನೆ, ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿದ. ಜಲ್ಲಿಯ ಮೇಲೆ ಅವರ ಹೆಜ್ಜೆ ಕರಕರ ಎನ್ನುತ್ತಿತ್ತು. ಬೇಲಿಯ ಹೊರಗೆ ಕೆಲಸಗಾರರೆಲ್ಲ ಹೆಲ್ಮೆಟ್ಟು ಕಂಕುಳಲ್ಲಿಟ್ಟು ಸಾಲಾಗಿ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ.

ಬೀಗದ ಮೈಗೆ ಧೂಳು ಮೆತ್ತಿತ್ತು, ಸಂದಿಯಲ್ಲಿ ಜೇಡವೊಂದು ಬಲೆ ಕಟ್ಟಿತ್ತು. ತೆಗೆಯುವ ಮೊದಲು ಕೂಗಿ ಕೇಳುವುದು ಅಲ್ಲಿನ ಕ್ರಮ. ಮಾವ ಎರಡು ಹೆಜ್ಜೆ ಹಿಂದೆ ಸರಿದು, ಎಂದಿನಂತೆ ಕೂಗಿದ.

"ಯಾರ ಬೀಗ?"

"ಅಪ್ಪಂದು."

"ಎಲ್ಲರೂ ಹೊರಗೆ ಬಂದ್ರಾ?"

ಅವಳು ಅಂಗಳದ ಉದ್ದಕ್ಕೂ ನೋಡಿದಳು. ಏಣಿ ಎತ್ತಿಟ್ಟಾಗಿತ್ತು. ಅಪ್ಪ ಕುಸಿದ ಜಾಗದಲ್ಲಿ ಜಲ್ಲಿಯನ್ನು ಯಾರೋ ಸಮ ಮಾಡಿದ್ದರು.

"ಬಂದ್ರು, ಮಾವ. ಒಳಗೆ ಯಾರೂ ಇಲ್ಲ."

ಕೀಲಿ ಮೊದಲು ಬಿಗಿಯಾಗಿ ಹಿಡಿಯಿತು. ಮತ್ತೆ ತಿರುಗಿತು. ಬೀಗ ಅವಳ ಅಂಗೈಗೆ ಬಿತ್ತು.