ಗೋಡೆಗೆ ಮುಖ ಮಾಡಿದ ಅಂತೋಣಿ

ಮನೆಯಲ್ಲಿ ಏನೇ ಕಳೆದರೂ ಅತ್ತೆ ಸಂತ ಅಂತೋಣಿಯವರ ಪ್ರತಿಮೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿಬಿಡುತ್ತಿದ್ದಳು. ಕಳೆದದ್ದನ್ನು ಹುಡುಕಿಕೊಡುವುದು ಆ ಸಂತರ ಕೆಲಸ. ಕೆಲಸ ಮಾಡದಿದ್ದರೆ ಸಂತರಾದರೇನು, ಶಿಕ್ಷೆ ಶಿಕ್ಷೆಯೇ. ಈ ಸಲ ಕಳೆದದ್ದು ಮಗನ ಕನ್ನಡಕ. ಅದು ಸಿಗುವ ಮೊದಲೇ ಮಗ ಎದೆನೋವೆಂದು ಕುಳಿತವನು ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಸೊಸೆ ಬಂದವರಿಗೆಲ್ಲ ಕಾಫಿ ಕೊಟ್ಟಳು, ಲೋಟ ತೊಳೆದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. "ಅತ್ತುಬಿಡಮ್ಮ, ಹಗುರಾಗುತ್ತೆ" ಎಂದವರಿಗೆ ಹೂಂ ಎಂದಳು.

ಮರುವಾರ ಗಂಡನ ಕೋಟು ಮಡಚುವಾಗ ಒಳಜೇಬಿನಲ್ಲಿ ಕನ್ನಡಕ ಸಿಕ್ಕಿತು. ತಂದು ಮೇಜಿನ ಮೇಲಿಟ್ಟಳು.

"ಸಿಕ್ತಲ್ಲ. ಅವರನ್ನ ಈ ಕಡೆ ತಿರುಗಿಸು, ಪಾಪ," ಎಂದಳು ಅತ್ತೆ.

ಸೊಸೆ ಪ್ರತಿಮೆಗೆ ಕೈ ಹಾಕಿದವಳು ಹಾಗೇ ನಿಂತಳು. "ಇನ್ನೂ ಸ್ವಲ್ಪ ದಿನ ಹಾಗೇ ಇರ್ಲಿ ಅತ್ತೆ. ನನ್ನ ಅಳು ಎಲ್ಲೋ ಕಳೆದುಹೋಗಿದೆ. ಅದನ್ನೂ ಹುಡುಕಿಕೊಡ್ಲಿ."

ಬೈಗುಳ ಬೀಳುತ್ತದೆಂದು ಕಾದಳು. ಅತ್ತೆ ಕನ್ನಡಕವನ್ನು ಬಿಡಿಸಿದಳು, ಮಡಚಿದಳು, ಮತ್ತೆ ಬಿಡಿಸಿದಳು. ಆಮೇಲೆ ಎದ್ದುಬಂದು ಪ್ರತಿಮೆಯನ್ನು ಗೋಡೆಗೆ ಇನ್ನಷ್ಟು ಒತ್ತಿ ನಿಲ್ಲಿಸಿದಳು.

"ಇಬ್ಬರದೂ ಅಂತ ಸರಿಯಾಗಿ ಹೇಳು ಅವರಿಗೆ."