ಒತ್ತಿ ಅಂದರೆ ಒತ್ತಿದೆ

ಅವರು ಪರೀಕ್ಷೆ ಮಾಡಲು ಬಂದದ್ದು ಆಟವನ್ನು. ಫೇಲಾದದ್ದು ನಾನು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಲ್ಲೂರಿನ ಸಮುದಾಯ ಭವನಕ್ಕೆ ವಯಸ್ಸಾದವರನ್ನೆಲ್ಲ ಕರೆಸಿದ್ದರು. ಚನ್ನಗಿರಿಯಿಂದ ಬಂದಿದ್ದ ಸಂಧ್ಯಾರಾಣಿ ಎಂಬ ಹುಡುಗಿ ನನ್ನ ಕೈಗೆ ಟ್ಯಾಬ್ ಕೊಟ್ಟಳು.

"ಕಸ್ತೂರಮ್ಮನೋರೇ, ಇದು ನೆನಪು ಚುರುಕು ಮಾಡೋ ಆಟ. ನಿಮ್ಮಂಥೋರಿಗೆ ಆಡಾಕೆ ಸಲೀಸಾಗಿ ಐತೋ ಇಲ್ಲೋ ನೋಡ್ತೀವಿ, ಅಷ್ಟೇ."

ಪರದೆಯ ಮೇಲೆ ಬದನೆಕಾಯಿ, ಕೊಡೆ, ಬೀಗ ಬಂದು ಮಾಯವಾದವು. ಆಮೇಲೆ ಬೇರೆ ಚಿತ್ರಗಳ ನಡುವೆ ಮತ್ತೆ ಬಂದವು. "ಮೊದಲು ನೋಡಿದ ಚಿತ್ರವನ್ನು ಒತ್ತಿ" ಎಂದಿತು ಒಳಗಿನ ದನಿ. ಒತ್ತಿದೆ. ನಾನು ಜೀವಮಾನವಿಡೀ ಶಾವಿಗೆ ಒತ್ತಿದವಳು. ಒತ್ತುವುದೆಂದರೆ ಹಿಟ್ಟು ಪೂರಾ ಇಳಿಯುವವರೆಗೆ ಕೈ ಸಡಿಲಿಸಬಾರದು. ಬದನೆಕಾಯಿಯ ಮೇಲೆ ಹೆಬ್ಬೆರಳು ಊರಿಕೊಂಡೇ ಕೂತೆ.

"ಅಯ್ಯೋ, ತಪ್ಪು! ಮತ್ತೆ ಪ್ರಯತ್ನಿಸು."

ಪ್ರಯತ್ನಿಸು! ಮೊಮ್ಮಕ್ಕಳನ್ನು ಕಂಡವಳಿಗೆ ಏಕವಚನ. ಸಿಟ್ಟು ಬಂದು ಇನ್ನೂ ಜೋರಾಗಿ ಒತ್ತಿದೆ.

ಸಂಜೆ ಮಗ ಪ್ರವೀಣನ ಮೊಬೈಲಿಗೆ ಆ ಆಟದಿಂದಲೇ ನನ್ನ ಬಗ್ಗೆ ಮೆಸೇಜ್ ಬಂತು: ನೆನಪಿನ ಶಕ್ತಿ ತೀರಾ ಕಡಿಮೆ, ಮನೆಯವರು ನಿಗಾ ವಹಿಸಬೇಕು. ಬೆಳಿಗ್ಗೆ ನೋಡಿದರೆ ಗ್ಯಾಸ್ ಲೈಟರ್ ಜಾಗದಲ್ಲಿರಲಿಲ್ಲ.

"ನೀನಿನ್ನು ಒಲೆ ಹತ್ರ ಹೋಗಬ್ಯಾಡವ್ವ. ಆರಿಸಾಕೆ ಮರೆತ್ರೆ ಏನು ಗತಿ?" ಎಂದ ಪ್ರವೀಣ.

"ಯಾವತ್ತಾದ್ರೂ ಮರ್ತೀನೇನೋ?"

"ಇಲ್ಲ. ಆದ್ರೆ ಇದ್ರಾಗೆ ಬಂದೈತಲ್ಲ."

ಹುಟ್ಟಿದಾಗಿನಿಂದ ನನ್ನ ಕೈಯಡುಗೆ ಉಂಡವನು ಒಂದು ಹಾಳು ಆಟದ ಮಾತು ನಂಬಿದ. ನನ್ನ ಮನೆಯಲ್ಲಿ ನನಗೇ ಒಲೆಯಿಲ್ಲ! ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅವನ ರಟ್ಟೆ ಹಿಡಿದು ಭವನಕ್ಕೆ ಎಳೆದುಕೊಂಡು ಹೋದೆ.

"ಕೊಡವ್ವ ಅದನ್ನ, ಇವನ ಮುಂದೇ ಆಡ್ತೀನಿ" ಎಂದು ಸಂಧ್ಯಾರಾಣಿಯಿಂದ ಟ್ಯಾಬ್ ಇಸಕೊಂಡೆ. ಈ ಸಲ ಅವಳು ನನ್ನ ಬೆರಳನ್ನು ಗಮನಿಸಿದಳು.

"ಅಯ್ಯೋ, ಹಂಗೆ ಅದುಮಿ ಹಿಡೀಬ್ಯಾಡ್ರಿ, ಅದು ತಪ್ಪು ಅಂತ ತಗೊಳ್ತೈತೆ. ಸುಮ್ನೆ ಮುಟ್ಟಿ ಬಿಟ್ಬಿಡ್ರಿ."

"ಮುಟ್ಟಿ ಅನ್ನಾಕೆ ಅದಕ್ಕೇನು ರೋಗ? ಒತ್ತಿ ಅಂತು, ಒತ್ತಿದೆ!"

ಮುಟ್ಟಿದೆ. ಒಂದೂ ತಪ್ಪಲಿಲ್ಲ. ಆಟ "ಭೇಷ್!" ಎಂದಿತು. ಯಾರಿಗೆ ಬೇಕು ಅದರ ಭೇಷು?

"ತಪ್ಪು ಆಟದ್ದು ಅಂತ ಬರ್ಕೋ" ಎಂದೆ. ಅವಳು ಮುಖ ಚಿಕ್ಕದು ಮಾಡಿಕೊಂಡು ಬರೆದುಕೊಂಡಳು.

ಮನೆಗೆ ಬಂದವನೇ ಪ್ರವೀಣ ಅಟ್ಟದಿಂದ ಲೈಟರ್ ತೆಗೆದುಕೊಟ್ಟ. "ತಪ್ಪಾಯ್ತವ್ವ" ಎಂದ. ಲೈಟರ್ ಒತ್ತಿದೆ, ಒಲೆ ಹತ್ತಿತು. ಚಹಾ ಕುದಿಸಿ, ಒಲೆ ಆರಿಸಿ, ಲೋಟ ಹಿಡಿದು ಪಡಸಾಲೆಗೆ ಬಂದೆ.

ತಿರುಗಿ ನೋಡಿದರೆ, ಅವನು ಅಡುಗೆಮನೆಯಲ್ಲಿ ಗ್ಯಾಸಿನ ತಿರುಪನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.